ಕುಡಿಯುವ ನೀರಿನ ಜಲಾಶಯಕ್ಕೆ ಯಾವುದು ಸರಿ: ದಡದ ದಾರಿಯೋ, ಹುಟ್ಟು ದೋಣಿಯೋ, ಮೋಟಾರ್ ದೋಣಿಯೋ?

ಊರಿಗೆ ನೀರು ಕೊಡುವ ಜಲಾಶಯವನ್ನು ಜನರ ವಿಹಾರಕ್ಕೂ ತೆರೆಯಬೇಕು, ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ.

ಮೊದಲು ನೀರಿನ ವಿಷಯ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಹಳೆಯ ಟೂ-ಸ್ಟ್ರೋಕ್ ಎಂಜಿನ್ ಸುಡದ ಇಂಧನವನ್ನೂ ಹೊಗೆಯ ಜೊತೆ ನೀರಿಗೇ ಬಿಡುತ್ತದೆ. ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ ಕಂಡಿದ್ದೀರಲ್ವಾ, ಅದೇ ಇದು. ವೇಗದ ದೋಣಿ ಎಬ್ಬಿಸುವ ಅಲೆ ದಡದ ಮಣ್ಣನ್ನು ಕೊರೆಯುತ್ತದೆ. ನೀರು ರಾಡಿಯಾದಷ್ಟೂ ಶುದ್ಧೀಕರಣ ಘಟಕದಲ್ಲಿ ರಾಡಿಯನ್ನು ತಳಕ್ಕೆ ಇಳಿಸುವ ಆಲಂ (ಪಟಿಕ) ಜಾಸ್ತಿ ಹಾಕಬೇಕು. ಹುಟ್ಟು ದೋಣಿಗೆ ಈ ತೊಂದರೆ ಇಲ್ಲ. ಆದರೆ ಬೇರೆ ಕೆರೆಯಿಂದ ತಂದ ದೋಣಿಯ ತಳದಲ್ಲಿ ಕಳೆಯ ತುಂಡು, ಚಿಪ್ಪುಹುಳು ಅಂಟಿಕೊಂಡು ಬರಬಹುದು. ತೊಳೆದು, ಒಳಗಿನ ನೀರು ಚೆಲ್ಲಿ, ಒಣಗಿಸಿಯೇ ಇಳಿಸಬೇಕು.

ಖರ್ಚಿನಲ್ಲಿ ದಡದ ದಾರಿಯೇ ಹಗುರ. ಶೌಚಾಲಯವನ್ನು ಮಾತ್ರ ನೀರಿನಿಂದ ದೂರ ಕಟ್ಟಿ. ಬೇಸಿಗೆಯಲ್ಲಿ ನೀರು ಹಲವು ಮೀಟರ್ ಇಳಿದರೆ ಗಟ್ಟಿ ಕಟ್ಟಿದ ದೋಣಿಕಟ್ಟೆ ಕೆಸರಿನ ಮೇಲೆ ಸುಮ್ನೆ ನಿಂತಿರುತ್ತದೆ. ದೋಣಿ ಬೇಕೆಂದರೆ ತೇಲುವ ಕಟ್ಟೆಗೇ ಹಣ ಹಾಕಿ.

ಜಲಾಶಯ ಚಿಕ್ಕದು, ಊರಿಗೆ ಬೇರೆ ನೀರಿಲ್ಲ ಎಂದರೆ ದಡದ ದಾರಿ ಸಾಕು. ನೀರು ಸೇದುವ ಗೋಪುರದ ಸುತ್ತ ತೇಲುಬುರುಡೆ ಕಟ್ಟಿ ದೋಣಿಗಳನ್ನು ದೂರ ಇಡುವಷ್ಟು ಜಾಗ, ಕಾಯಲು ಜನ ಇದ್ದರೆ ಹುಟ್ಟು ದೋಣಿ ಬಿಡಬಹುದು. ಮೋಟಾರ್ ದೋಣಿ ದೊಡ್ಡ ಜಲಾಶಯಕ್ಕೆ ಮಾತ್ರ, ಅದೂ ಬ್ಯಾಟರಿಯದ್ದು, ನಿಧಾನ ಓಡುವಂಥದ್ದು. ನಡೆಯಲಾಗದ ಹಿರಿಯರಿಗೂ ನೀರಿನ ನಡುವೆ ಹೋಗಿ ಬರುವ ಭಾಗ್ಯ ಅದರಿಂದ ಸುಲಭವಾಗಿ ಸಿಗುತ್ತದೆ.