ಎಫ್‌ಎ ಕಪ್ ‘ಗ್ಯಾರಂಟಿ ಟಿಪ್’ ಕೊಡೋರ ಬಗ್ಗೆ ಹುಷಾರಾಗಿರಿ

ಮಂಡ್ಯ, ಮದ್ದೂರು ಕಡೆಯ ಹುಡುಗರ ಫೋನಿಗೆ ಟೆಲಿಗ್ರಾಂನಲ್ಲಿ ‘ಎಫ್‌ಎ ಕಪ್ ಗ್ಯಾರಂಟಿ ಟಿಪ್’ ಅಂತ ಮೆಸೇಜ್ ಬರುತ್ತಿದೆ. ಯಾವ ತಂಡ ಗೆಲ್ಲುತ್ತೆ ಅಂತ ಹೇಳಿ, ಬೆಟ್ಟಿಂಗ್ ಆಪ್‌ನಲ್ಲಿ ದುಡ್ಡು ಕಟ್ಟಿಸುವ ಲಿಂಕ್ ಅದು. ದಯವಿಟ್ಟು ಒತ್ತಬೇಡಿ. ನನ್ನ ಚಿಕ್ಕಪ್ಪನ ಮಗ ಇದರಲ್ಲೇ ಸಿಕ್ಕಿಹಾಕಿಕೊಂಡ. ಇವರು ಹೇಗೆ ಬೀಳಿಸುತ್ತಾರೆ ಅಂತ ಗೊತ್ತಾದರೆ ಇನ್ನೊಂದು ಮನೆಯಾದರೂ ಉಳಿಯುತ್ತೆ.

ಎಫ್‌ಎ ಕಪ್ 1871ರಲ್ಲಿ ಶುರುವಾದ ಇಂಗ್ಲೆಂಡಿನ ನಾಕೌಟ್ ಫುಟ್‌ಬಾಲ್ ಟೂರ್ನಿ. ಸೋತವರು ಮನೆಗೆ. ಮೊದಲೆಲ್ಲ ಡ್ರಾ ಆದರೆ ಇನ್ನೊಂದು ದಿನ ಮತ್ತೆ ಆಡಿಸುತ್ತಿದ್ದರು. 2024-25ರ ಸೀಸನ್‌ನಿಂದ ಮುಖ್ಯ ಸುತ್ತುಗಳಲ್ಲಿ ಅದನ್ನು ತೆಗೆದುಹಾಕಿದರು. ಈಗ ಹೆಚ್ಚುವರಿ ಸಮಯ, ಪೆನಾಲ್ಟಿ ಅಂತ ಅವತ್ತೇ ತೀರ್ಮಾನ ಆಗಲೇಬೇಕು. ಮೋಸಗಾರರಿಗೆ ಬೇಕಾಗಿದ್ದೂ ಇದೇ.

2025ರ ಜನವರಿಯಲ್ಲಿ ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯಕ್ಕೆ ‘ಯುನೈಟೆಡ್ ಗೆಲ್ಲುತ್ತೆ’ ಅಂತ ತಮ್ಮನಿಗೆ ಪುಕ್ಕಟೆ ಟಿಪ್ ಬಂತು, ಅದನ್ನು ನಂಬಿ ಆಪ್‌ನಲ್ಲಿ ದುಡ್ಡು ಕಟ್ಟಿದ. 1-1 ಆಗಿ, ಹತ್ತೇ ಆಟಗಾರರು ಉಳಿದಿದ್ದ ಯುನೈಟೆಡ್ ಪೆನಾಲ್ಟಿಯಲ್ಲಿ ಗೆದ್ದಿತು. ಆಪ್ ಮಾತ್ರ ದುಡ್ಡು ಕೊಡಲಿಲ್ಲ. ‘ಮ್ಯಾಚ್ ರಿಸಲ್ಟ್’ ಅಂದರೆ 90 ನಿಮಿಷದ ಲೆಕ್ಕ, ಅದು ಡ್ರಾ ಅಂದರು. ಟಿಪ್ ಕೊಟ್ಟವನು, ‘ನಾನು ಹೇಳಿದ್ದು ಸರಿ ಇತ್ತಲ್ಲ, ನೀನೇ ತಪ್ಪು ಒತ್ತಿದ್ದೀಯ’ ಅಂದ. ದುಡ್ಡು ಹೋದರೂ ಹುಡುಗನಿಗೆ ಅವನ ಮೇಲಿನ ನಂಬಿಕೆ ಜಾಸ್ತಿಯೇ ಆಯಿತು.

ಫೆಬ್ರವರಿ 9ರ ಪಂದ್ಯಕ್ಕೆ ಟಿಪ್‌ಗೇ ಫೀಸ್ ಕೇಳಿದರು. ಲಿವರ್‌ಪೂಲ್ ಅಂದರು. ಪ್ರೀಮಿಯರ್ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡ. ಎದುರಿಗೆ ಎರಡನೇ ದರ್ಜೆಯ ಲೀಗ್‌ನಲ್ಲಿ ಕೊನೆಯಲ್ಲಿದ್ದ ಪ್ಲಿಮತ್ ಆರ್ಗೈಲ್. ಯಾರಿಗೆ ತಾನೇ ಅನುಮಾನ ಬರುತ್ತೆ? ಚೀಟಿ ಎತ್ತಿದ ದುಡ್ಡನ್ನೆಲ್ಲ ಹಾಕಿಬಿಟ್ಟ. ಲಿವರ್‌ಪೂಲ್ ಸಲಾ, ವಾನ್ ಡೈಕ್ ಅಂಥ ದೊಡ್ಡ ಆಟಗಾರರಿಗೆ ವಿಶ್ರಾಂತಿ ಕೊಟ್ಟಿತ್ತು. ದೊಡ್ಡ ಕ್ಲಬ್‌ಗಳು ಈ ಕಪ್‌ನಲ್ಲಿ ಹೀಗೆ ಮಾಡುವುದು ಮಾಮೂಲು. ಒಂದು ಪೆನಾಲ್ಟಿ ಗೋಲು, ಪ್ಲಿಮತ್ 1-0.

ಮದ್ದೂರಿನ ಅವನ ಗೆಳೆಯನಿಗೂ ಅದೇ ಜನ ಟಿಪ್ ಕಳಿಸುತ್ತಿದ್ದರು. ಇಬ್ಬರ ಫೋನನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಫೋಟೋ, ಅದೇ ಕಿರೀಟದ ಚಿತ್ರ, ಅದೇ ‘ನೂರಕ್ಕೆ ನೂರು ಫಿಕ್ಸ್’. ಇವನದರಲ್ಲಿ ಲಿವರ್‌ಪೂಲ್, ಅವನದರಲ್ಲಿ ಪ್ಲಿಮತ್! ಅರ್ಧ ಜನಕ್ಕೆ ಒಂದು ತಂಡ, ಉಳಿದರ್ಧಕ್ಕೆ ಇನ್ನೊಂದು. ಯಾರಾದರೂ ಒಬ್ಬರು ಗೆಲ್ಲಲೇಬೇಕಲ್ಲ, ಅರ್ಧ ಜನಕ್ಕೆ ಟಿಪ್ ಸರಿಯಾಗಿಯೇ ಬರುತ್ತೆ. ತಪ್ಪು ಬಂದವರನ್ನು ಬ್ಲಾಕ್ ಮಾಡುತ್ತಾರೆ. ಮೂರ್ನಾಲ್ಕು ಸುತ್ತು ಸರಿ ಬಂದವನ ಕಣ್ಣಿಗೆ ಅವನೇ ದೇವರು.

ಗೆದ್ದ ಗೆಳೆಯನಿಗೂ ದುಡ್ಡು ಸಿಗಲಿಲ್ಲ. ತೆಗೆಯಲು ಹೋದರೆ ಮೊದಲು ಟ್ಯಾಕ್ಸ್ ಕಟ್ಟಿ ಅಂದರು, ಕಟ್ಟಿದ. ಆಮೇಲೆ ವೆರಿಫಿಕೇಶನ್ ಫೀಸ್ ಅಂದರು. ಅಲ್ಲಿಗೆ ಆಪ್ ತೆರೆಯುವುದೇ ನಿಂತಿತು.

ಇದಕ್ಕಿಂತ ದೊಡ್ಡ ಏಟು ಆಮೇಲೆ ಬಿತ್ತು. ಶುರುವಿನಲ್ಲಿ ನಂಬಿಸೋಕೆ ತಮ್ಮನಿಗೆ ಒಂದೆರಡು ಸಲ ಗೆದ್ದ ದುಡ್ಡು ಕೊಟ್ಟಿದ್ದರು. ಅದು ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ತೆಗೆದ ದುಡ್ಡಂತೆ. ಅಲ್ಲಿ ದೂರು ದಾಖಲಾಗಿ ಇವನ ಖಾತೆ ಫ್ರೀಜ್ ಆಯಿತು. ಚಿಕ್ಕಮ್ಮನ ಜೊತೆಗಿದ್ದ ಜಂಟಿ ಖಾತೆ ಅದು. ಡೈರಿಯ ಹಾಲಿನ ಬಟವಾಡೆ ಅದಕ್ಕೇ ಬರುತ್ತಿತ್ತು. ಹಸುವಿಗೆ ಬೂಸಾ ತರಲೂ ಒಂದು ರೂಪಾಯಿ ತೆಗೆಯಲಾಗಲಿಲ್ಲ. ಕತ್ತಲಲ್ಲೇ ಎದ್ದು ಹಾಲು ಕರೆಯುವ ಹೆಂಗಸು, ಫುಟ್‌ಬಾಲ್ ಅಂದರೇನು ಅಂತಲೂ ಗೊತ್ತಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಹಾಗಾಗಿ ‘ನಮ್ಮದು ಲೀಗಲ್’ ಅನ್ನೋ ಮಾತು ನಂಬಬೇಡಿ. ಯಾರದೋ ಹೆಸರಿನ ಯುಪಿಐಗೆ ಹಾಕಿ ಅಂದರೆ ಹಾಕಬೇಡಿ. ನಿಮ್ಮ ಖಾತೆಯನ್ನು ಬಾಡಿಗೆಗೆ ಕೇಳಿದರಂತೂ ಕೊಡಲೇಬೇಡಿ.

ಈಗಾಗಲೇ ದುಡ್ಡು ಕಳಿಸಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದರೆ ಅದು ಕೈ ಬದಲಾಗುವ ಮುಂಚೆ ತಡೆಯಬಹುದು. ಯುಟಿಆರ್ ನಂಬರ್ (ದುಡ್ಡು ಕಳಿಸಿದಾಗ ಆ ವ್ಯವಹಾರಕ್ಕೆ ಬರುವ ಸಂಖ್ಯೆ) ಕೇಳುತ್ತಾರೆ, ಹುಡುಕಿ ಇಟ್ಟುಕೊಳ್ಳಿ. ಚಾಟ್‌ನ ಸ್ಕ್ರೀನ್‌ಶಾಟ್ ಇವತ್ತೇ ತೆಗೆಯಿರಿ, ಆಮೇಲೆ ಅವರು ಎಲ್ಲ ಅಳಿಸಿಬಿಡುತ್ತಾರೆ. ಮನೆಯಲ್ಲಿ ಬೈತಾರೆ ಅಂತ ಸುಮ್ನೆ ಕೂರಬೇಡಿ.