ವಾರಕ್ಕೊಮ್ಮೆ ಬರುವ ಆಪ್ತಸಮಾಲೋಚಕರೋ, ಶಾಲೆಯದೇ ಶಿಕ್ಷಕಿಯೋ?

ಚಳ್ಳಕೆರೆ, ಹಿರಿಯೂರು ಕಡೆಯ ಪ್ರೌಢಶಾಲೆಯವರು ಜೂನ್‌ನಲ್ಲೇ ವರ್ಷದ ಆಪ್ತಸಮಾಲೋಚನೆಗೆ ಯೋಜನೆ ಹಾಕುವುದಾದರೆ ಎದುರಿಗಿರುವ ದಾರಿ ಎರಡು. ಚಿತ್ರದುರ್ಗದಿಂದ ವಾರಕ್ಕೊಮ್ಮೆ ಬರುವ ತಜ್ಞರು, ಇಲ್ಲವೇ ತರಬೇತಿ ಪಡೆದ ನಿಮ್ಮದೇ ಶಿಕ್ಷಕಿ.

ಹೊರಗಿನವರ ದೊಡ್ಡ ಬಲ, ಮಗುವಿನ ಗುಟ್ಟು ಗುಟ್ಟಾಗಿಯೇ ಉಳಿಯುವುದು. ಗಣಿತದ ಅಂಕ ಕೊಡುವ ಟೀಚರ್ ಮುಂದೆ ಮನೆಯ ಕುಡಿತದ ಮಾತು ಹುಡುಗನ ಬಾಯಿಂದ ಹೊರಡುವುದಿಲ್ಲ. ಖಿನ್ನತೆ, ಆತ್ಮಹತ್ಯೆಯ ಯೋಚನೆ ಗುರುತಿಸುವ ಪಳಗಿದ ಕಣ್ಣೂ ಅವರಿಗಿರುತ್ತದೆ. ಆದರೆ ಮಗು ಅಳುವುದು ಸೋಮವಾರ, ಅವರು ಬರುವುದು ಗುರುವಾರ.

ಶಿಕ್ಷಕಿ ದಿನವೂ ಇರುತ್ತಾರೆ. ಶೇಂಗಾ ಕೀಳುವ ಕಾಲಕ್ಕೆ ಯಾರ ಹಾಜರಿ ತಪ್ಪುತ್ತದೆ, ಯಾರ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿ ಅಜ್ಜಿ ಬಳಿ ಬಿಟ್ಟಿದ್ದಾರೆ, ಎಲ್ಲ ಗೊತ್ತು. ನಾನು ಕಂಡ ಒಬ್ಬ ಹುಡುಗಿ ಮೂರು ದಿನ ಬಿಸಿಯೂಟದ ತಟ್ಟೆ ಮುಟ್ಟದೆ ಕೂತಿದ್ದಳು. ಅದನ್ನು ಗಮನಿಸಿದ್ದು ಶಿಕ್ಷಕಿಯೇ.

ಖರ್ಚಿನ ಮಾತು ಬೇಗ ಮುಗಿಯುತ್ತದೆ: ಶಿಕ್ಷಕಿ ಅಗ್ಗ. ಆದರೆ ಅವರ ಪೀರಿಯಡ್ ಇಳಿಸದಿದ್ದರೆ ಆ ಅಗ್ಗಕ್ಕೆ ಅರ್ಥವಿಲ್ಲ. ಅಮೆರಿಕದ ಶಾಲಾ ಆಪ್ತಸಮಾಲೋಚಕರ ಸಂಘ 250 ಮಕ್ಕಳಿಗೆ ಒಬ್ಬರು ಬೇಕೆನ್ನುತ್ತದೆ. ಅವರ ಸಮಯದ ಶೇ. 80 ಮಕ್ಕಳ ಸೇವೆಗೇ ಹೋಗಬೇಕೆಂದೂ ಹೇಳುತ್ತದೆ. ನಮ್ಮಲ್ಲಿ ಶಿಕ್ಷಕಿಗೆ ಈ ಕೆಲಸಕ್ಕೆಂದು ವಾರಕ್ಕೆ ನಾಲ್ಕು ಪೀರಿಯಡ್ ಆದರೂ ಬಿಡುವು ಕೊಡಿ.

ನನ್ನನ್ನು ಕೇಳಿದರೆ, ಇನ್ನೂರು ಮಕ್ಕಳೊಳಗಿನ ಹಳ್ಳಿ ಶಾಲೆಗೆ ಶಿಕ್ಷಕಿಯೇ ಸರಿ. ಎಸ್ಸೆಸ್ಸೆಲ್ಸಿ ಒತ್ತಡ ಏರುವ ಜನವರಿಯಿಂದ ಮಾರ್ಚ್‌ವರೆಗೆ ತಜ್ಞರನ್ನೂ ಕರೆಸಿ. ದಾವಣಗೆರೆಯಂಥ ಊರಿನ ದೊಡ್ಡ ಶಾಲೆಗೆ ತಜ್ಞರೇ ಬೇಕು. ಯಾವುದನ್ನೇ ಆರಿಸಿದರೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳನ್ನು ನೀರಿನ ನಲ್ಲಿಯ ಪಕ್ಕದ ಗೋಡೆ ಮೇಲೆ ಬರೆಸಿ.