ಹ್ಯಾಶ್‌ಟ್ಯಾಗ್ ರಿಜಿಸ್ಟ್ರೇಶನ್ ಅಂತ ದುಡ್ಡು ಕೇಳಿದರೆ ಕೊಡಬೇಡಿ

ಮನೆಯಿಂದಲೇ ಸಣ್ಣ ವ್ಯಾಪಾರ ಮಾಡುವವರು ದಯವಿಟ್ಟು ಇದನ್ನು ಓದಿ. ನಿಮ್ಮ ಅಂಗಡಿ ಹೆಸರಿನಲ್ಲಿ ಹ್ಯಾಶ್‌ಟ್ಯಾಗ್ (ಪೋಸ್ಟ್ ಜೊತೆ # ಗುರುತು ಹಾಕಿ ಬರೆಯುವ ಪದ) ರಿಜಿಸ್ಟರ್ ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಂಥ ರಿಜಿಸ್ಟ್ರೇಶನ್ನೇ ಇಲ್ಲ. ಇನ್‌ಸ್ಟಾಗ್ರಾಂನಲ್ಲೂ ಇಲ್ಲ, ಫೇಸ್‌ಬುಕ್‌ನಲ್ಲೂ ಇಲ್ಲ. ಇಲ್ಲ ಅಂದರೆ ಇಲ್ಲ.

ನಾನು ಮತ್ತು ನಮ್ಮ ವೈನಿ (ಅತ್ತಿಗೆ) ಇಳಕಲ್ ಸೀರೆ, ಖಣದ ಬ್ಲೌಸ್ ಪೀಸ್ ಮಾರುತ್ತೇವೆ. ಅಂಗಡಿ ಇಟ್ಟಿಲ್ಲ. ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂ ಅಷ್ಟೇ. ನೇಕಾರರ ಮನೆಯಿಂದಲೇ ನೇರವಾಗಿ ತರುತ್ತೇವೆ. 2025ರ ನಾಗರ ಪಂಚಮಿ ಸೀಸನ್‌ಗೆ ಮುಂಚೆ ಹುಬ್ಬಳ್ಳಿಯ ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಯವರು ಫೋನ್ ಮಾಡಿದರು. ತಿಂಗಳಿಗೆ ಇಷ್ಟು ಪೋಸ್ಟ್, ಇಷ್ಟು ರೀಲ್ಸ್, ಜೊತೆಗೆ "ಹ್ಯಾಶ್‌ಟ್ಯಾಗ್ ಪ್ಯಾಕೇಜ್". ಇಂಥವರ ಕೋಟೇಷನ್ ಹೇಗಿರುತ್ತೆ ಅಂತ ನಿಮಗೂ ಗೊತ್ತಲ್ಲ. ಆದರೆ ಇದರಲ್ಲಿ ಕೆಳಗೆ ಇನ್ನೊಂದು ಸಾಲಿತ್ತು: ಬ್ರ್ಯಾಂಡ್ ಹ್ಯಾಶ್‌ಟ್ಯಾಗ್ ರಿಜಿಸ್ಟ್ರೇಶನ್, ವರ್ಷಕ್ಕೆ 4,500 ರೂಪಾಯಿ.

ಇದೇನು ಅಂತ ಕೇಳಿದೆ. ಆ ಹುಡುಗ ಎಷ್ಟು ನಯವಾಗಿ ಮಾತಾಡಿದ ಗೊತ್ತಾ. "ಮೇಡಂ, ಇಳಕಲ್ ಸೀರೆಗೆ ಜಿಐ ಟ್ಯಾಗ್ ಇದೆ ಅಲ್ವಾ? ಇದೂ ಹಾಗೇನೇ. ನಿಮ್ಮ ಟ್ಯಾಗ್ ಬೇರೆ ಯಾರೂ ಹಾಕೋಕೆ ಬರಲ್ಲ. ಅದನ್ನ ಫಾಲೋ ಮಾಡಿದವರಿಗೆಲ್ಲ ನಿಮ್ಮ ಪೋಸ್ಟ್ ತಾನಾಗೇ ಹೋಗುತ್ತೆ."

ಜಿಐ ಟ್ಯಾಗ್ ಅಂದರೆ ಒಂದು ಊರಿನ ವಿಶೇಷ ವಸ್ತುವಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ. ಅದಕ್ಕೆ 1999ರ ಕಾಯ್ದೆ ಇದೆ, ಚೆನ್ನೈನಲ್ಲಿ ಸರ್ಕಾರದ ಕಚೇರಿ ಇದೆ. ಅದರ ಹೆಸರು ಹೇಳಿ ಇದನ್ನು ಮಾರಿದ. ಇನ್ನು ಹ್ಯಾಶ್‌ಟ್ಯಾಗ್ ಫಾಲೋ ಮಾಡುವ ಸೌಲಭ್ಯವನ್ನು ಇನ್‌ಸ್ಟಾಗ್ರಾಂ 2024ರ ಡಿಸೆಂಬರ್‌ನಲ್ಲೇ ತೆಗೆದುಹಾಕಿತ್ತು! ಅಂದರೆ ಇವನು ಮಾರಿದ್ದು ಆಗಲೇ ಇಲ್ಲದ ಸೌಲಭ್ಯ. ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವರಿಗೆ ಇಷ್ಟು ಗೊತ್ತಿರಲಿಲ್ಲ ಅಂತ ನಾನಂತೂ ನಂಬಲ್ಲ.

ದುಡ್ಡು ಕಟ್ಟಿದ ಮೇಲೆ ಒಂದು ಪಿಡಿಎಫ್ ಬಂತು. ಸುತ್ತ ಬಂಗಾರದ ಬಣ್ಣದ ಅಂಚು, ನಡುವೆ ನಮ್ಮ ಅಂಗಡಿ ಹೆಸರಿನ ಹ್ಯಾಶ್‌ಟ್ಯಾಗ್, ಕೆಳಗೆ ಕೆಂಪು ಸೀಲು, ಮೂಲೆಯಲ್ಲಿ ಕ್ಯೂಆರ್ ಕೋಡ್. ವೈನಿ ಅದನ್ನು ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸಿದರು. ಆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವುದು ಏಜೆನ್ಸಿಯವರ ಸ್ವಂತ ವೆಬ್‌ಸೈಟ್. ಅಷ್ಟೇ. ಬೇರೇನೂ ಇಲ್ಲ.

ಒಂದು ದಿನ ಸುಮ್ನೆ ನಮ್ಮ ಟ್ಯಾಗ್ ಒತ್ತಿ ನೋಡಿದೆ. ಬೇರೆ ಯಾರೋ ಪವರ್‌ಲೂಮ್ ಸೀರೆ ಮಾರುವವರು ನಮ್ಮ ಟ್ಯಾಗ್ ಹಾಕಿಕೊಂಡು ಕೂತಿದ್ದಾರೆ. ಯಾರಿಗೂ ಹಾಕೋಕೆ ಬರಲ್ಲ ಅಂದಿದ್ದನಲ್ಲ, ಅದೇ ಟ್ಯಾಗ್! ನಮ್ಮ ಕೈಮಗ್ಗದ ಸೀರೆ ಪಕ್ಕದಲ್ಲೇ ಅವರ ಸೀರೆ, ನಮ್ಮ ಅರ್ಧ ಬೆಲೆಗೆ. ಕೈಕಾಲು ತಣ್ಣಗಾಯಿತು. ತಕ್ಷಣ ಫೋನ್ ಮಾಡಿದೆ.

"ಮೇಡಂ, ಹ್ಯಾಶ್‌ಟ್ಯಾಗ್ ಅಂದ್ರೆ ಪಬ್ಲಿಕ್. ಯಾರು ಬೇಕಾದ್ರೂ ಹಾಕಬಹುದು."

"ಹಾಗಾದರೆ ರಿಜಿಸ್ಟ್ರೇಶನ್ ಅಂತ ದುಡ್ಡು ತಗೊಂಡಿದ್ದು ಯಾತಕ್ಕೆ?"

"ಅದು ನಮ್ಮ ಡೇಟಾಬೇಸ್‌ನಲ್ಲಿ ರಿಜಿಸ್ಟರ್ ಆಗಿದೆ ಮೇಡಂ."

ನಮ್ಮ ಡೇಟಾಬೇಸ್‌ನಲ್ಲಿ! ಅಂದರೆ ಅವರ ಆಫೀಸಿನ ಒಂದು ಎಕ್ಸೆಲ್ ಶೀಟ್‌ನಲ್ಲಿ ನಮ್ಮ ಹೆಸರು ಬರೆದುಕೊಂಡಿದ್ದಾರೆ, ಅದಕ್ಕೆ 4,500. ಇದನ್ನು ಹೇಳುವಾಗ ಅವನ ದನಿ ಒಂಚೂರೂ ನಡುಗಲಿಲ್ಲ. ಆ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಹ್ಯಾಶ್‌ಟ್ಯಾಗ್ ಬಳಸೋಣ ಅಂತ 2007ರ ಆಗಸ್ಟ್‌ನಲ್ಲಿ ಟ್ವಿಟರ್‌ನಲ್ಲಿ ಮೊದಲು ಸೂಚಿಸಿದ ಕ್ರಿಸ್ ಮೆಸಿನಾ ಅವರೇ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ, ಎಲ್ಲರೂ ಬಳಸಲಿ ಅಂತ ಬಿಟ್ಟರು. ಇವರು ಅದನ್ನು ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ.

ಇನ್ನು ಅವರು ಹಾಕಿದ ಟ್ಯಾಗ್‌ಗಳ ಕಥೆ ಕೇಳಿ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಸ್ವದೇಶಿ ಚಳವಳಿ ಶುರುವಾದ ದಿನ ಅಂತ 2015ರಿಂದ ಆಚರಿಸುತ್ತಾರೆ. ನಮ್ಮಂಥವರಿಗೆ ಅದು ದೊಡ್ಡ ದಿನ. ನಮಗೆ ಸೀರೆ ನೇಯ್ದು ಕೊಡುವ ಅಣ್ಣ ಮಗ್ಗದ ಮುಂದೆ ಕೂತಿರುವ ಫೋಟೋ ತೆಗೆದು ಕಳಿಸಿದ್ದೆ. ಇಳಕಲ್ ಸೀರೆಯ ಗುರುತೇ ಆದ ಟೋಪ ತೆನಿ ಸೆರಗು ಅರ್ಧ ನೇಯ್ದಿತ್ತು, ಕೆಂಪು ಬಿಳಿ ಎಷ್ಟು ಚಂದ ಕಾಣುತ್ತಿತ್ತು. ಏಜೆನ್ಸಿಯವರು ಅದರ ಕೆಳಗೆ 30 ಟ್ಯಾಗ್ ಸುರಿದಿದ್ದರು. #ಲವ್, #ಇನ್‌ಸ್ಟಾಗುಡ್, #ಫಾಲೋಫಾರ್‌ಫಾಲೋ, #ಕಾಂಜೀವರಂ, #ಬನಾರಸಿ, #ಪೈಠಣಿ. ಕೊನೆಗೆ #ಎಗ್‌ಲೆಸ್‌ಕೇಕ್.

ಎಗ್‌ಲೆಸ್ ಕೇಕ್. ಮಗ್ಗದ ಫೋಟೋಗೆ. ಯಾವುದೋ ಬೇಕರಿಗೆ ಹಾಕಿದ್ದನ್ನು ಹಾಗೇ ಕಾಪಿ ಮಾಡಿ ನಮಗೂ ಅಂಟಿಸಿದ್ದಾರೆ. ಹುಡುಕಿ ನೋಡಿದರೆ ಅದೇ 30 ಟ್ಯಾಗ್, ಅದೇ ಸಾಲಾಗಿ, ಒಂದು ಡೆಂಟಲ್ ಕ್ಲಿನಿಕ್ ಪೋಸ್ಟ್ ಕೆಳಗೂ ಇದೆ. ಕೇಳಿದ್ದಕ್ಕೆ ಬಂದ ಉತ್ತರ: "ಅದು ಕ್ರಾಸ್ ಆಡಿಯನ್ಸ್ ಸ್ಟ್ರ್ಯಾಟಜಿ ಮೇಡಂ."

ಪುಣೆಯ ಒಬ್ಬರು ಪೈಠಣಿ (ಮಹಾರಾಷ್ಟ್ರದ ಸೀರೆ) ಅಂತ ನೋಡಿ ಬಂದವರು, ಇದು ಇರ್ಕಲ್ (ಇಳಕಲ್) ಅಲ್ವಾ, ಜನರಿಗೆ ಮೋಸ ಮಾಡ್ತೀರಾ ಅಂತ ಕಮೆಂಟ್‌ನಲ್ಲೇ ಬೈದರು. ಅದಾದರೂ ತಡೆದುಕೊಂಡೆ. ನೇಕಾರ ಅಣ್ಣ ಮಗನ ಫೋನ್‌ನಲ್ಲಿ ಅದೇ ಪೋಸ್ಟ್ ನೋಡಿ ಕೇಳಿದರು: "ನಮ್ಮ ಸೀರಿಗಿ ಕಂಚಿ ಸೀರಿ ಅಂತ ಯಾಕ ಹಾಕೀರಿ ತಂಗಿ? ನಮ್ಮ ಸೀರಿಗಿ ಹೆಸರಿಲ್ಲೇನು?" ತಲೆ ತಗ್ಗಿಸಿ ನಿಂತೆ. ಒಂದು ಸೆರಗು ಸೇರಿಸೋಕೆ ಕೊಂಡಿ ಹಾಕಿ ಒಂದೊಂದೇ ಎಳೆ ಜೋಡಿಸುವವರು ಅವರು. ಅವರ ಮುಂದೆ ನಮ್ಮ ಮರ್ಯಾದೆ ತೆಗೆದರಲ್ಲ, ಆ ಸಿಟ್ಟು ದುಡ್ಡು ಹೋದ ಸಿಟ್ಟಿಗಿಂತ ಜಾಸ್ತಿ.

ತಿಂಗಳ ಕೊನೆಗೆ ರಿಪೋರ್ಟ್ ಬಂತು. "ಪೊಟೆನ್ಷಿಯಲ್ ರೀಚ್: 210 ಕೋಟಿ", ಅಂದರೆ ಪೋಸ್ಟ್ ಇಷ್ಟು ಜನರಿಗೆ ತಲುಪಬಹುದು ಅಂತ. ಇಡೀ ಭಾರತದ ಜನಸಂಖ್ಯೆಯೇ 140 ಕೋಟಿ ಚಿಲ್ಲರೆ! ಆಮೇಲೆ ಗೊತ್ತಾಯಿತು, ಇನ್‌ಸ್ಟಾಗ್ರಾಂನಲ್ಲಿ #ಲವ್ ಒತ್ತಿದರೆ ಆ ಟ್ಯಾಗ್ ಇರುವ ಪೋಸ್ಟ್‌ಗಳೇ 200 ಕೋಟಿಗೂ ಜಾಸ್ತಿ. ಆ ಸಂಖ್ಯೆಯನ್ನೇ ತೋರಿಸಿ, ಇಷ್ಟು ಜನರಿಗೆ ತಲುಪಿದ್ದೀರಿ ಅಂತ ಬರೆದಿದ್ದಾರೆ. ಅದು ಜನರ ಲೆಕ್ಕ ಅಲ್ಲವೇ ಅಲ್ಲ. ಅಷ್ಟು ಪೋಸ್ಟ್ ಇರುವ ಕಡೆ ನಮ್ಮದೊಂದು ಹಾಕಿದರೆ ಸೆಕೆಂಡಿನಲ್ಲಿ ಕೆಳಗೆ ಹೋಗುತ್ತೆ. ನಾನೇ ಇನ್‌ಸೈಟ್ಸ್ (ಯಾರು, ಎಲ್ಲಿಯವರು ನೋಡಿದರು ಅಂತ ಇನ್‌ಸ್ಟಾಗ್ರಾಂ ತೋರಿಸುವ ಲೆಕ್ಕ) ತೆಗೆದು ನೋಡಿದೆ. ಹೊಸ ಫಾಲೋವರ್‌ಗಳಲ್ಲಿ ಮುಕ್ಕಾಲು ಪಾಲು ಬ್ರೆಜಿಲ್, ಇಂಡೋನೇಷ್ಯಾ ಕಡೆಯವರು. ಪ್ರೊಫೈಲ್‌ನಲ್ಲಿ ಫೋಟೋ ಇಲ್ಲ, ಪೋಸ್ಟ್ ಇಲ್ಲ. ಇವರ್ಯಾರೂ ಪಂಚಮಿಗೆ ಸೀರೆ ತಗೊಳ್ಳುವವರಲ್ಲ ಅಲ್ವಾ?

"ಆರ್ಡರ್ ಎಲ್ಲಿ?" ಅಂತ ಕೇಳಿದೆ. "ನಾವು ರೀಚ್ ಕೊಡ್ತೀವಿ, ಸೇಲ್ಸ್ ನಿಮ್ಮ ಕೈಲಿ ಮೇಡಂ." ದುಡ್ಡು ವಾಪಸ್ ಕೇಳಿದೆ. "ರಿಜಿಸ್ಟ್ರೇಶನ್ ಫೀ ನಾನ್ ರಿಫಂಡೆಬಲ್." ಆಮೇಲೆ "ಅಲ್ಗಾರಿದಮ್ ಚೇಂಜ್ ಆಗಿದೆ". ಆಮೇಲೆ ವಾಟ್ಸಾಪ್‌ನಲ್ಲಿ ಬ್ಲಾಕ್. ಫೀಸು, ರಿಜಿಸ್ಟ್ರೇಶನ್ ಎಲ್ಲ ಸೇರಿ 22,500 ರೂಪಾಯಿ. ನಮ್ಮ ಸೀಸನ್ ಲಾಭ ಪೂರ್ತಿ ಅಲ್ಲಿಗೇ ಹೋಯಿತು.

ಈಗ ನಾವೇ ಹಾಕುತ್ತೇವೆ. ಮೂರೋ ನಾಲ್ಕೋ ಟ್ಯಾಗ್, ಸೀರೆಯಲ್ಲಿ ಏನಿದೆಯೋ ಅದು ಮಾತ್ರ: ಇಳಕಲ್ ಸೀರೆ, ಕೈಮಗ್ಗ, ಚಿಕ್ಕಿ ಪರಾಸ್ ದಡಿ (ಅಂಚು) ಇದ್ದರೆ ಅದರ ಹೆಸರು. ಬಣ್ಣ, ಉದ್ದ, ಬೆಲೆ ಎಲ್ಲ ಕ್ಯಾಪ್ಶನ್‌ನಲ್ಲಿ ಬರೆಯುತ್ತೇವೆ. ವಿಚಾರಿಸುವವರು ಕಡಿಮೆ, ಆದರೆ ಸೀರೆ ತಗೊಳ್ಳೋಕೆ ಬಂದವರೇ ವಿಚಾರಿಸುತ್ತಾರೆ.

ನೀವು ಯಾರಿಗಾದರೂ ಈ ಕೆಲಸ ಕೊಡುವುದಾದರೆ ಪಾಸ್‌ವರ್ಡ್ ಕೊಡಬೇಡಿ, ರಿಪೋರ್ಟ್ ನಂಬಬೇಡಿ, ಇನ್‌ಸೈಟ್ಸ್ ನೀವೇ ತೆಗೆದು ಯಾವ ಊರಿನವರು ನೋಡುತ್ತಿದ್ದಾರೆ ಅಂತ ನೋಡಿ. ಅವರು ಬೇರೆಯವರಿಗೆ ಹಾಕಿದ ಟ್ಯಾಗ್‌ಗಳನ್ನೂ ಮೊದಲೇ ನೋಡಿಕೊಳ್ಳಿ. ಅಂಗಡಿ ಹೆಸರು ನಿಜವಾಗಲೂ ಕಾಪಾಡಿಕೊಳ್ಳಬೇಕು ಅಂದರೆ ಟ್ರೇಡ್‌ಮಾರ್ಕ್ ಕಚೇರಿಗೆ ಅರ್ಜಿ ಹಾಕಿ. ಅದು ಸರ್ಕಾರದ್ದು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ಲು, ಚಾಟು, ಆ ಸರ್ಟಿಫಿಕೇಟು ಎಲ್ಲ ತೆಗೆದಿಟ್ಟಿದ್ದೇನೆ. ಹೋದ ವಾರ ಗೊತ್ತಾಯಿತು, ಧಾರವಾಡದಲ್ಲಿ ಮನೆಯಲ್ಲೇ ಕಸೂತಿ ಹಾಕಿ ಮಾರುವ ಒಬ್ಬ ಅಕ್ಕನಿಗೂ ಇದೇ ಕೋಟೇಷನ್ ಹೋಗಿದೆ, ಇದೇ ರಿಜಿಸ್ಟ್ರೇಶನ್ ಸಾಲು, ಈಗ 6,000 ರೂಪಾಯಿ. ನಿಮಗೂ ಬಂದಿದ್ದರೆ ದುಡ್ಡು ಕಟ್ಟುವ ಮೊದಲು ನನಗೊಂದು ಮೆಸೇಜ್ ಮಾಡಿ. ಆಗಲೇ ಕಟ್ಟಿದವರು ಇದ್ದರೆ ರಸೀದಿ ಕಳಿಸಿ, ಎಲ್ಲರೂ ಸೇರಿ ದೂರು ಕೊಡೋಣ.